ತೊಡೆಯ ಮೇಲಿನ ಸುಟ್ಟಗಾಯ

ಚಿಕ್ಕೋಡಿಯ ಸಣ್ಣ ಆಸ್ಪತ್ರೆಯೊಂದರಲ್ಲಿ ನಾನು ಸರ್ಜನ್ ಆಗಿ ಸೇರಿದ ಎರಡನೆಯ ವರ್ಷ ನಮ್ಮ ಆಪರೇಷನ್ ಥಿಯೇಟರಿಗೆ ಮೊದಲ ಡಯಾಥರ್ಮಿ ಯಂತ್ರ ಬಂತು. ಮಿರಜದಲ್ಲಿ ಯಾರೋ ಬಳಸಿ ಬಿಟ್ಟದ್ದು. ರೇಡಿಯೋ ಫ್ರೀಕ್ವೆನ್ಸಿ ವಿದ್ಯುತ್ತು ಪೆನ್ನಿನಂಥ ಕಡ್ಡಿಯ ತುದಿಯಿಂದ ಮಾಂಸಕ್ಕೆ ಹರಿದು, ರಕ್ತ ಸೋರುವ ನಾಳವನ್ನು ಸುಟ್ಟು ಮುಚ್ಚುತ್ತದೆ. ಆಮೇಲೆ ರೋಗಿಯ ತೊಡೆಯಡಿ ಇಟ್ಟ ಲೋಹದ ಪ್ಲೇಟಿನ ಮೂಲಕ ಯಂತ್ರಕ್ಕೆ ಮರಳುತ್ತದೆ. ಪ್ಲೇಟು ಪೂರ್ತಿ ಮೈಗೆ ತಾಗಿರಬೇಕು, ಅಷ್ಟೆ.

ಕಬ್ಬಿನ ಹಂಗಾಮಿನ ಒಂದು ಮಧ್ಯಾಹ್ನ ಅಂಕಲಿಯ ರೈತ ಅಣ್ಣಾಸಾಬನನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬಂದರು. ಬದುವಿನ ಜಗಳದಲ್ಲಿ ಸ್ವಂತ ತಮ್ಮನೇ ಕಬ್ಬು ಕಡಿಯುವ ಕೊಯ್ತಾದಿಂದ ಹೊಡೆದಿದ್ದ. ಒಂದು ಏಟು ಭುಜದ ಎಲುಬಿನವರೆಗೆ ಇಳಿದಿತ್ತು. ಇನ್ನೊಂದು ಎದೆಯ ಸ್ನಾಯುವನ್ನು ಸೀಳಿತ್ತು. ತಡೆಯಲು ಹೋದ ಕೈಯ ಎರಡು ಬೆರಳು ತೊಗಲಿನಲ್ಲಿ ಜೋತಾಡುತ್ತಿದ್ದವು.

ದೊಡ್ಡ ನಾಳಗಳನ್ನು ದಾರದಿಂದ ಕಟ್ಟಿದೆ. ಸಣ್ಣವು ಲೆಕ್ಕವಿಲ್ಲದಷ್ಟು, ಒಂದನ್ನು ಸುಟ್ಟರೆ ಮತ್ತೆರಡು ಚಿಮ್ಮುತ್ತಿದ್ದವು. ಅರ್ಧ ಗಂಟೆಯಲ್ಲಿ ಕಡ್ಡಿಯ ಕಾವು ಕುಂದಿತು.

"ಪಾವರ್ ಏರಸ್ರಿ," ಎಂದೆ.

ಸಿಸ್ಟರ್ ಶಾಂತಾ ಏರಿಸಿದರು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕಥೆ. "ಸರ್, ಒಮ್ಮೆ ಪ್ಲೇಟ್ ನೋಡ್ಲೇನ್ರಿ?" ಎಂದರು.

"ಮೊದ್ಲ ಏರಸ್ರಿ. ಮನಷ್ಯಾ ಹೊಂಟಾನ."

ಅಣ್ಣಾಸಾಬ ಉಳಿದ. ಆದರೆ ಹೊದಿಕೆ ತೆಗೆದಾಗ ಅವನ ತೊಡೆಯಲ್ಲಿ ಅಂಗೈಯಗಲ ಚರ್ಮ ಬೆಂದು ಬೆಳ್ಳಗಾಗಿತ್ತು, ನಡುವೆ ಕರಕಲು. ರಕ್ತದಲ್ಲಿ ತೊಯ್ದು ಜಾರಿದ ಪ್ಲೇಟಿನ ಒಂದು ಮೂಲೆಯಷ್ಟೇ ಮೈಗೆ ತಾಗಿತ್ತು. ನಾನು ಏರಿಸಿದ ವಿದ್ಯುತ್ತೆಲ್ಲ ಆ ಮೂಲೆಯಿಂದಲೇ ಹೊರಟಿತ್ತು.

ಮರುದಿನ ಪೊಲೀಸರಿಗೆ ಗಾಯದ ಪ್ರಮಾಣಪತ್ರ ಬರೆಯಬೇಕಾಗಿತ್ತು. ಅಣ್ಣಾಸಾಬನ ಹೆಂಡತಿ ಸುನಂದಾ ಟೇಬಲ್ಲಿನ ಎದುರು ನಿಂತಳು. "ಸಾಹೇಬ್ರ, ತೊಡಿದೂ ಅವನ ಮ್ಯಾಲೇ ಬರೀರಿ. ಕಡದಾಂವಗ ಸುಡೂದೇನ್ ದೊಡ್ಡದ್ರಿ?"

ಹಾಗೆ ಬರೆದಿದ್ದರೆ ನಾನು ಪಾರಾಗುತ್ತಿದ್ದೆ, ಯಾರೂ ಪ್ರಶ್ನಿಸುತ್ತಿರಲಿಲ್ಲ. ಕೊಯ್ತಾದ ಗಾಯಗಳನ್ನಷ್ಟೇ ತಮ್ಮನ ಲೆಕ್ಕಕ್ಕೆ ಬರೆದು, ಸುಟ್ಟಗಾಯ ಶಸ್ತ್ರಚಿಕಿತ್ಸೆಯ ವೇಳೆ ಆದದ್ದು ಎಂದು ಸಹಿ ಹಾಕಿದೆ. ವಾರ್ಡಿಗೆ ಹೋಗಿ ಅಣ್ಣಾಸಾಬನಿಗೂ ಹೇಳಿದೆ: "ಇದು ನನ್ನ ತಪ್ಪು."

ಅವನು ಮುಖವನ್ನು ನನ್ನ ಕಡೆ ತಿರುಗಿಸಿದ. "ತಮ್ಮ ನನ್ನ ಕೆಡವಿದ ಮ್ಯಾಲೆ ಸುಟ್ಟಾನಂತ ತಿಳದಿದ್ನಿರಿ. ಎದ್ದಕೂಡ್ಲೆ ಅಂವನ್ನ ಮುಗಸಬೇಕಂತ ಮಾಡಿದ್ನಿ."

ಕೊಯ್ತಾದ ಗಾಯಗಳು ಮೊದಲು ಮಾಯ್ದವು. ತೊಡೆಗೆ ಚರ್ಮದ ಕಸಿ ಮಾಡಬೇಕಾಯಿತು, ಅದನ್ನೂ ನಾನೇ ಮಾಡಿದೆ. ಅಂದಿನಿಂದ ನಿವೃತ್ತಿಯಾಗುವವರೆಗೆ, ಕಾವು ಕುಂದಿದಾಗಲೆಲ್ಲ ಕಡ್ಡಿಯನ್ನು ಕೆಳಗಿಟ್ಟು ಮೊದಲು ಹೊದಿಕೆಯಡಿಯ ಪ್ಲೇಟು ನೋಡಿಸಿದ್ದೇನೆ, ರಕ್ತ ಎಷ್ಟೇ ಹರಿಯುತ್ತಿರಲಿ.