ವಾಸಿಯಾಗಿದೆ ಎಂಬ ಕಾಗದ

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ದುಬೈನ ಒಂದು ವೈದ್ಯಕೀಯ ತಪಾಸಣಾ ಕೇಂದ್ರದಲ್ಲಿ ಗುಮಾಸ್ತೆಯಾಗಿದ್ದೆ. ಹೊಸ ವೀಸಾಕ್ಕೂ ನವೀಕರಣಕ್ಕೂ ಬರುವವರ ರಕ್ತಪರೀಕ್ಷೆ, ಎದೆಯ ಎಕ್ಸ್‌ರೇ ಎಲ್ಲದರ ಫಲಿತಾಂಶ ನನ್ನ ಮೇಜು ದಾಟಿಯೇ ಹೋಗಬೇಕು. ಯಾವ ಬಡಾವಣೆಯಲ್ಲಿ ಯಾವ ರೋಗ ಎಷ್ಟು ಜನಕ್ಕೆ ಎಂದು ವಾರಕ್ಕೊಮ್ಮೆ ಪಟ್ಟಿ ಟೈಪು ಮಾಡಿ ಮೇಲಿನವರಿಗೆ ಕಳಿಸುವುದೂ ನನ್ನದೇ ಕೆಲಸ. ಬಂಗಲೆಗಳ ಮಿರ್ದಿಫ್‌ನ ಸಾಲು ಹೆಚ್ಚಾಗಿ ಖಾಲಿ, ಕಾರ್ಮಿಕರು ತುಂಬಿದ ಅಲ್ ಕೂಜ್‌ನದು ತುಂಬಿರುತ್ತಿತ್ತು. ಒಂದೇ ಕೋಣೆಯಲ್ಲಿ ಹನ್ನೆರಡು ಜನರನ್ನು ಮಲಗಿಸಿದರೆ ಇನ್ನೇನಾಗುತ್ತದೆ? ಅದನ್ನು ಬರೆಯಲು ಪಟ್ಟಿಯಲ್ಲಿ ಜಾಗವಿರಲಿಲ್ಲ.

ಅಲ್ ಕೂಜ್‌ನ ಕಾರ್ಮಿಕರ ಕ್ಯಾಂಪಿನಲ್ಲಿ ಅಡುಗೆ ಮಾಡುತ್ತಿದ್ದ ಬಂಟ್ವಾಳದ ಕಡೆಯ ಬ್ಯಾರಿ ಒಬ್ಬರು, ನಾನು ಉಡುಪಿಯವಳೆಂದು ತಿಳಿದ ದಿನದಿಂದ ನನ್ನನ್ನು ಅಕ್ಕ ಎನ್ನುತ್ತಿದ್ದರು, ವಯಸ್ಸಿನಲ್ಲಿ ದೊಡ್ಡವರಾದರೂ. ಆ ವರ್ಷ ಅವರ ಎಕ್ಸ್‌ರೇಯಲ್ಲಿ, ಮೊದಲು ಯಾರ ಕಣ್ಣಿಗೂ ಬೀಳದ, ತೆಳ್ಳಗಿನ ಕಲೆಯೊಂದು ಕಂಡಿತು. ಈಜಿಪ್ಟಿನ ಡಾಕ್ಟರು ಒಳ್ಳೆಯವರು. "ಹಳೆಯ ನ್ಯುಮೋನಿಯಾ ಇರಬಹುದು, ಎರಡು ವಾರ ಬಿಟ್ಟು ಇನ್ನೊಮ್ಮೆ ನೋಡೋಣ" ಎಂದರು. ಕ್ಷಯದ ಗುರುತೆಂದಾದರೆ ವೀಸಾ ರದ್ದು, ಊರಿಗೆ ವಾಪಸು, ಮತ್ತೆ ಬರುವಂತಿಲ್ಲ.

ಅಡುಗೆಯವರು ಕೌಂಟರಿಗೆ ಬಾಗಿ ಮೆಲ್ಲಗೆ ಹೇಳಿದರು: "ಅಕ್ಕ, ಸಣ್ಣದಿರುವಾಗ ನನಗೆ ಆ ಕಾಯಿಲೆ ಇತ್ತು. ಸರ್ಕಾರಿ ಆಸ್ಪತ್ರೆಯ ಮಾತ್ರೆ ಪೂರ್ತಿ ತಿಂದಿದ್ದೇನೆ. ಈಗ ಕೆಮ್ಮೂ ಇಲ್ಲ, ಎಂತದೂ ಇಲ್ಲ. ಎಂತ ಮಾಡುವುದು?"

ಸೀಲು ಬಿದ್ದ ಕಾಗದವೆಂದರೆ ನಮ್ಮವರಿಗೆ ದೇವರ ಪ್ರಸಾದ. ನಾನೂ ಅದೇ ಪೈಕಿ. "ವಾಸಿಯಾಗಿದೆ ಅಂತ ಆ ಆಸ್ಪತ್ರೆಯಿಂದ ಒಂದು ಸರ್ಟಿಫಿಕೇಟ್ ತರಿಸಿ. ಮತ್ತೆ ಎಂತ ಹೆದರಿಕೆ?" ಎಂದೆ, ಎಲ್ಲ ತಿಳಿದವಳ ಹಾಗೆ.

ರಜೆ ಮುಗಿಸಿ ಬರುತ್ತಿದ್ದ ಯಾರದೋ ಕೈಯಲ್ಲಿ ಕಾಗದ ಬಂತು. ನಾನೇ ಅದನ್ನು ಫೈಲಿಗೆ ಸಿಕ್ಕಿಸಿ ಡಾಕ್ಟರ ಮುಂದಿಟ್ಟೆ. ಅವರು ಓದಿ ಕನ್ನಡಕ ತೆಗೆದರು.

"ಇದು ಕ್ಷಯವೋ ಅಲ್ಲವೋ ಎಂಬ ಅನುಮಾನವಾದರೂ ನನಗಿತ್ತು. ನೀನು ಅದನ್ನೂ ಉಳಿಸಲಿಲ್ಲ."

"ವಾಸಿಯಾಗಿದೆ ಎಂದು ಬರೆದಿದೆಯಲ್ಲ ಸರ್!"

"ನಿಯಮ ಕೇಳುವುದು ವಾಸಿಯಾಯಿತೇ ಎಂದಲ್ಲ, ಗುರುತು ಇದೆಯೇ ಎಂದು. ಖಲಾಸ್."

ಆ ಕಾಗದವನ್ನು ಕಿತ್ತು ನುಂಗಿಬಿಡೋಣ ಅನ್ನಿಸಿತು. ಆಡಳಿತಾಧಿಕಾರಿಯ ಬಳಿ ಎರಡು ಸಲ ಹೋಗಿ ಬೇಡಿಕೊಂಡೆ. ಎರಡು ಸಲವೂ ಚಹಾ ಕುಡಿಸಿ ಕಳಿಸಿದ. ನನ್ನ ಕೈಯಲ್ಲಿ ಏನೂ ಉಳಿದಿರಲಿಲ್ಲ. ಆ ವಾರದ ಪಟ್ಟಿಯಲ್ಲಿ, ಅಲ್ ಕೂಜ್‌ನ ಸಾಲಿಗೆ, ಯಾರಿಗೂ ಹರಡದ ಅವರ ರೋಗವನ್ನೂ ಸೇರಿಸಿ ಟೈಪು ಮಾಡಿದೆ.

ಊರಿಗೆ ಹೊರಡುವ ಮೊದಲು ಅವರು ಕೊನೆಯ ಸಲ ಬಂದಾಗ, ಇದೆಲ್ಲ ನನ್ನಿಂದಲೇ ಆದದ್ದು ಎಂದು ಹೇಳಿಬಿಡಬೇಕು ಅಂದುಕೊಂಡಿದ್ದೆ. ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದೆ. ಅವರೇ ಮಾತಾಡಿದರು.

"ನೀವು ನನಗೋಸ್ಕರ ತುಂಬಾ ಓಡಾಡಿದ್ರಿ ಅಕ್ಕ. ನನ್ನ ತಮ್ಮನಿಗೆ ಬೇರೆ ಕಂಪೆನಿಯ ವೀಸಾ ಆಗಿದೆ, ಮುಂದಿನ ತಿಂಗಳು ಅವನೂ ತಪಾಸಣೆಗೆ ಇಲ್ಲಿಗೇ ಬರ್ತಾನೆ. ಎಂತ ಇದ್ರೂ ಅಕ್ಕ ಹೇಳಿದ ಹಾಗೆಯೇ ಮಾಡು ಅಂತ ಹೇಳಿದ್ದೇನೆ."

ಆಯಿತು ಎಂದು ತಲೆಯಾಡಿಸಿದೆ.