ಒಂದು ಪೆಟ್ಟಿಗೆ, ಎರಡು ಡಿಸ್ಕು

ಈ ಸಲದ ಆಯುಧಪೂಜೆಯಲ್ಲಿ ನನ್ನ ಹೆಂಡತಿ ಲ್ಯಾಪ್‌ಟಾಪಿನ ಮೇಲೆ ಅರಿಸಿನ ಕುಂಕುಮ ಇಟ್ಟು ಕರ್ಪೂರ ಹಚ್ಚಿದಳು. ಬಿಸಿಯಾದ ಯಂತ್ರದ ವಾಸನೆಗೆ ಕರ್ಪೂರದ ವಾಸನೆ ಬೆರೆತು ಮೂಗಿಗೆ ಬಂತು ನೋಡಿ, ನಾನು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಗೆ ಹೋಗಿಬಿಟ್ಟೆ. ಎರಡು ಸಾವಿರದ ಆರೋ ಏಳೋ ಇರಬೇಕು. ಅಲ್ಲಿ ನಾನೂ ನಯಾಜನೂ ಪಾಲುದಾರರಾಗಿ ಲಗ್ನಪತ್ರಿಕೆ ಮಾಡಿಕೊಡುವ ಅಂಗಡಿ ಇಟ್ಟಿದ್ದೆವು.

ಅಂಗಡಿ ಎಂದರೆ ಒಂದು ಕಂಪ್ಯೂಟರು, ಒಂದು ಪ್ರಿಂಟರು, ಎರಡು ಕುರ್ಚಿ. ಕನ್ನಡ, ತೆಲುಗು ನನ್ನದು, ಉರ್ದು ಅವನದು. ಕಂಪ್ಯೂಟರಿನೊಳಗೆ ಹಾರ್ಡ್‌ಡಿಸ್ಕ್ ಮಾತ್ರ ಎರಡು, ಒಬ್ಬೊಬ್ಬರಿಗೆ ಒಂದೊಂದು. ಅದು ನನ್ನ ಹಟ. ಬಸ್ಸು ಹತ್ತಿದ ಮೇಲೂ ಬೀಗ ಹಾಕಿದೆನೋ ಇಲ್ಲವೋ ಎಂದು ಇಳಿದು ವಾಪಸು ಬರುವ ಜಾತಿ ನಾನು. ವಿಂಡೋಸ್ ಇರುವುದು ನನ್ನ ಡಿಸ್ಕಿನಲ್ಲಿ, ನಯಾಜನದು ಬರೀ ಬಾಡಿಗೆಗೆ ಕೂತದ್ದು ಎಂದು ಒಳಗೊಳಗೇ ಸಣ್ಣ ಹೆಮ್ಮೆಯೂ ಇತ್ತು. ಆದರೆ ಅವನ ಫೈಲು ತೆರೆದರೆ ನನಗೆ ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಓದಲು ಬಾರದ್ದರಲ್ಲಿ ಏನೇನು ಇರಬಹುದು ಎಂಬುದನ್ನು ನನ್ನಂಥವನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಆ ವರ್ಷ ಹಬ್ಬಕ್ಕೆ ಪೆಟ್ಟಿಗೆ ಬಿಚ್ಚಿ ಧೂಳು ಒರೆಸಿದೆವು. ಆಯುಧ ಎಂದರೆ ಹೊರಗಿನ ತಗಡಲ್ಲ, ಒಳಗಿರುವುದು ಎಂದುಕೊಂಡು ನನ್ನ ಡಿಸ್ಕನ್ನು ಹೊರತೆಗೆದು ದೇವಿಯ ಪಟದ ಮುಂದೆ ಇಟ್ಟೆ. ನಯಾಜನದನ್ನು ಮುಟ್ಟಲಿಲ್ಲ, ಅವನಿಗೆ ಹೇಗನ್ನಿಸುತ್ತದೋ ಎಂದು. ಅವನೇ ಅಂದ:

“ನಂದೂ ಇಡಿ ಅಣ್ಣ. ಅದೂ ವರ್ಷೆಲ್ಲ ದುಡಿದೈತಲ್ಲ, ಅದೊಂದನ್ನ ಯಾಕ್ ಆಚೆ ಕೂರಿಸ್ತೀರಾ?”

ಎರಡೂ ಒಂದೇ ಕಂಪನಿಯವು, ಒಂದೇ ಅಳತೆಯವು. ಮೇಲೆ ಬರೆದಿದ್ದ ನಮ್ಮ ಹೆಸರುಗಳು ಅರಿಸಿನದಡಿ ಮುಚ್ಚಿಹೋದವು. ಮಂಗಳಾರತಿಯಾದ ಮೇಲೆ ಇಬ್ಬರೂ ಕೈಗೆ ಸಿಕ್ಕ ಡಿಸ್ಕಿಗೆ ಕೈಗೆ ಸಿಕ್ಕ ವೈರು ಸಿಕ್ಕಿಸಿ ಮುಚ್ಚಳ ಹಾಕಿದೆವು.

ಹಬ್ಬ ಮುಗಿಸಿ ಬಂದು ಗುಂಡಿ ಒತ್ತಿದರೆ ಕಪ್ಪು ಪರದೆ. ಅದರ ಮೇಲೆ ಇಂಗ್ಲಿಷಿನಲ್ಲಿ ಒಂದೇ ಸಾಲು: ಶುರುಮಾಡುವ ಡಿಸ್ಕು ಸಿಗಲಿಲ್ಲ, ಸರಿಯಾದದ್ದನ್ನು ಹಾಕಿ.

ನೀವಾಗಿದ್ದರೆ ವೈರು ನೋಡುತ್ತಿದ್ದಿರಿ. ನಾನು ನಯಾಜನ ಮುಖ ನೋಡಿದೆ. ಯಾಕೆಂದರೆ ಹಬ್ಬಕ್ಕೆ ಮುಂಚೆ ಚಹಾದಂಗಡಿಯಲ್ಲಿ ಒಬ್ಬರು, “ನಿಮ್ ನಯಾಜು ಚಿಂತಾಮಣೀಲಿ ಅಂಗಡಿ ನೋಡ್ತಾವ್ನಂತಲ್ಲಪ್ಪ” ಎಂದು ಕಿವಿಗೆ ಹಾಕಿದ್ದರು. ಅವನು ನನಗೆ ಹೇಳಿರಲಿಲ್ಲ. ನನ್ನ ಗಿರಾಕಿಗಳ ಪತ್ರಿಕೆಗಳು, ನಾನು ಕೂಡಿಟ್ಟ ಗಣಪತಿಗಳು, ಕಳಶಗಳು, ಹೂಬಳ್ಳಿಗಳು, ಹೀಗೆ ಪತ್ರಿಕೆಗೆ ಹಾಕುವ ಚಿತ್ರಗಳೆಲ್ಲ ನನ್ನ ಡಿಸ್ಕಿನಲ್ಲಿ. ಹಬ್ಬದ ನೆಪದಲ್ಲಿ ಡಿಸ್ಕನ್ನೇ ಬದಲಾಯಿಸಿಬಿಟ್ಟನೇ? ‘ನಂದೂ ಇಡಿ’ ಎಂದದ್ದೂ ಅದಕ್ಕೇ ಇರಬಹುದೇ?

“ನಿಂದನ್ನ ತೆಗ್ದು ನೋಡಣ” ಎಂದೆ.

ಅವನು ಸ್ಕ್ರೂಡ್ರೈವರನ್ನು ನನ್ನ ಕೈಗಿತ್ತ. “ತೆಗೀರಿ ಅಣ್ಣ. ಮೊದ್ಲು ನಂದೇ ತೆಗೀರಿ.”

ಅರಿಸಿನ ಒರೆಸಿ ಹೆಸರು ನೋಡಿ ಅವನದನ್ನು ತೆಗೆದೆ. ನನ್ನದೊಂದರಿಂದಲೇ ಏಳುತ್ತದೆ ಎಂಬ ಧೈರ್ಯದಲ್ಲಿ ಗುಂಡಿ ಒತ್ತಿದೆ. ಅದೇ ಕಪ್ಪು ಪರದೆ, ಅದೇ ಸಾಲು. ನಯಾಜ್ ನನ್ನದನ್ನು ಕಿತ್ತು, ಅದಿದ್ದ ಮೊದಲನೆಯ ವೈರಿಗೆ ತನ್ನದನ್ನು ಸಿಕ್ಕಿಸಿದ. ಈ ಸಲ ಸಾಲು ಬೇರೆ: ವಿಂಡೋಸಿನ ಫೈಲು ಸಿಗಲಿಲ್ಲ.

“ನೋಡಿ, ನಂದು ಬಾಗ್ಲು ತೆಗೀತೈತೆ, ಒಳಗೆ ಮನೆ ಇಲ್ಲ. ನಿಮ್ಮನೆಗೆ ಬಾಗ್ಲೇ ಇಲ್ಲ” ಎಂದು ನಗುತ್ತಾ ಎರಡನೆಯ ವೈರಿಗೆ ನನ್ನದನ್ನು ಸೇರಿಸಿದ. ಕಂಪ್ಯೂಟರು ಎದ್ದು ಕೂತಿತು.

ಆಮೇಲೆ ತಿಳಿಯಿತು. ವಿಂಡೋಸ್ ಹಾಕಿಕೊಟ್ಟ ಚಿಕ್ಕಬಳ್ಳಾಪುರದ ಕಂಪ್ಯೂಟರ್ ರಿಪೇರಿಯವನು ಆಗ ಎರಡೂ ಡಿಸ್ಕುಗಳನ್ನು ಒಳಗೇ ಬಿಟ್ಟಿದ್ದನಂತೆ. ಶುರುಮಾಡುವ ಫೈಲುಗಳು ಮಾತ್ರ ಮೊದಲ ವೈರಿನಲ್ಲಿದ್ದ ನಯಾಜನ ಡಿಸ್ಕಿಗೆ ಹೋಗಿ ಸೇರಿದ್ದವು. ಪೂಜೆಯಾದ ಮೇಲೆ ನಾವು ವೈರು ಅದಲುಬದಲು ಮಾಡಿದ್ದೆವು, ಅಷ್ಟೇ. ನನ್ನ ಗುಮಾನಿ ಅಲ್ಲಿಗೆ ನಿಲ್ಲಬೇಕಿತ್ತು. ಅವನಿಗೆ ಇದು ಇಷ್ಟು ಬೇಗ ಹೇಗೆ ಹೊಳೆಯಿತು ಎಂದು ಅದು ಇನ್ನೊಂದು ದಾರಿ ಹಿಡಿಯಿತು.

ಚಿಂತಾಮಣಿಯ ಸುದ್ದಿ ನಿಜವೇ ಆಗಿತ್ತು. ದೀಪಾವಳಿಗೆ ಮುಂಚೆ ಅವನೇ ಹೇಳಿದ, ಮಾವನ ಮನೆ ಹತ್ತಿರ ಮಳಿಗೆ ಸಿಕ್ಕಿದೆ ಎಂದು. “ಮುಂಚೇನೇ ಹೇಳಿದ್ರೆ ನಿಮಗೆ ನಿದ್ದೆ ಬರ್ತಿರ್ಲಿಲ್ಲ ಅಣ್ಣ.” ಹೊರಡುವ ದಿನ ತನ್ನ ಕೆಲಸವನ್ನೆಲ್ಲ ಸಿ.ಡಿ.ಗಳಿಗೆ ಇಳಿಸಿಕೊಂಡು ಡಿಸ್ಕಿನಿಂದ ಅಳಿಸಿದ. ಡಿಸ್ಕನ್ನು ಮಾತ್ರ ಬಿಚ್ಚಲಿಲ್ಲ.

“ಇದಿಲ್ಲೇ ಇರ್ಲಿ. ತಗೊಂಡೋದ್ರೆ ನಿಮ್ದು ಏಳಲ್ಲ. ಮದುವೆ ಸೀಜನ್ನು ಬೇರೆ.”

ಅವನ ಬಸ್ಸು ಹೊರಟ ಮೇಲೆ ನಾನು ಏನು ಮಾಡಿದೆ ಅಂತೀರಿ? ಶಟರು ಅರ್ಧ ಎಳೆದು ಅವನ ಡಿಸ್ಕನ್ನು ಮೂಲೆಮೂಲೆ ತಡಕಾಡಿದೆ. ಸುಮ್ಮನೆ ಬಿಟ್ಟುಹೋಗುವವರು ಉಂಟೇ? ನನ್ನದು ಒಂದು ಗಣಪತಿಯೂ ಕಾಣೆಯಾಗಿರಲಿಲ್ಲ. ಅವನ ಡಿಸ್ಕಿನಲ್ಲಿ ಶುರುಮಾಡುವ ಆ ಫೈಲುಗಳ ಹೊರತು ಏನೂ ಇರಲಿಲ್ಲ. ಸಮಾಧಾನವಾಗಬೇಕಿತ್ತು, ಯಾಕೋ ಅಂಗಡಿ ಬಿಕೋ ಎಂದಿತು.

ಇಷ್ಟೆಲ್ಲ ನೆನಪಾದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಹಬ್ಬ ಕಳೆದದ್ದೇ ಚಿಂತಾಮಣಿಯ ಬಸ್ಸು ಹತ್ತಿದೆ. ನಯಾಜನ ಗಡ್ಡ ಬೆಳ್ಳಗಾಗಿದೆ. ನನ್ನನ್ನು ತಬ್ಬಿಕೊಂಡು, ಎಳೆದೊಯ್ದು ತನ್ನ ಕುರ್ಚಿಯಲ್ಲೇ ಕೂರಿಸಿದ. ಎದುರಿಗೆ ಕಂಪ್ಯೂಟರು ತೆರೆದೇ ಇತ್ತು.

“ಚಾ ಹೇಳಿ ಬರ್ತೀನಿ. ಅಷ್ಟರಲ್ಲಿ ಹುಡುಕೋದ್ ಏನಾದ್ರೂ ಇದ್ರೆ ಹುಡುಕ್ಕೊಳ್ಳಿ ಅಣ್ಣ. ಆವತ್ತೂ ಹುಡುಕಿರ್ತೀರಲ್ಲ.”

ನಗುತ್ತಲೇ ಹೇಳಿ ಹೊರಟ. ನನಗೆ ಆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಎದ್ದು ಬಂದು, ಬಾಗಿಲಲ್ಲಿ ನಿಂತು ಅವನು ಬರುವ ದಾರಿ ನೋಡಿದೆ.