ಅಮ್ಮನ ಕಣ್ಣಿನೊಳಗಿನ ಕಿಟಕಿ

ಇಂಥದ್ದನ್ನು ಬೇರೆಯವರು ಹೇಳಿದಾಗ ನಕ್ಕವಳು ನಾನು. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಕಾಲೇಜು ಕಂಡವರಲ್ಲ. ಬೆಳಗ್ಗೆ ರೇಷ್ಮೆ ಹುಳುವಿಗೆ ಸೊಪ್ಪು ಹಾಕಿ, ಬಸ್ಸು ಹಿಡಿದು ಹೋಗಿ ಬಿ.ಎಸ್ಸಿ. ಮುಗಿಸಿದೆ. ಈಗ ಗೌರಿಬಿದನೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಬೆಳಕು ನೇರವಾಗಿ ಹೋಗುತ್ತದೆ, ಗೋಡೆ ಅಡ್ಡ ಬಂದರೆ ನಿಲ್ಲುತ್ತದೆ. ಇದರಲ್ಲಿ ನನಗೆ ಅನುಮಾನವಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಸಂಬಳದಲ್ಲಿ ಕ್ಯಾಮೆರಾ ಕೊಂಡೆ. ಆಸೆ ಒಂದೇ: ಪದವಿಯ ಗೌನು ತೊಟ್ಟ ನನ್ನ ಫೋಟೋ ಪಕ್ಕದಲ್ಲಿ ಅಮ್ಮನದೊಂದು ಒಳ್ಳೆಯ ಫೋಟೋ ಹಾಕಬೇಕು. ಅಂಥದ್ದೊಂದು ಇರಲೇ ಇಲ್ಲ. ಮದುವೆ ಫೋಟೋದಿಂದ ಹಿಡಿದು ಎಲ್ಲದರಲ್ಲೂ ಅಮ್ಮನ ಕಣ್ಣು ಮುಚ್ಚಿದೆ.

ಸ್ಟುಡಿಯೋದವರ ಹಾಗೆ ಕಪ್ಪು ಹಿನ್ನೆಲೆಯಲ್ಲಿ ತೆಗೆಯುವುದನ್ನು ಮೊಬೈಲಿನಲ್ಲಿ ನೋಡಿ ಕಲಿತೆ. ಕೂತವರು ಪರದೆಯಿಂದ ದೂರವಿರಬೇಕು, ದೀಪ ಪಕ್ಕದಿಂದ ಮುಖಕ್ಕಷ್ಟೇ ಬೀಳಬೇಕು, ಬೇರೆಲ್ಲಿಂದಲೂ ಬೆಳಕು ನುಗ್ಗಬಾರದು. ದಿಬ್ಬೂರಹಳ್ಳಿ ಹತ್ತಿರದ ನಮ್ಮೂರಿನಲ್ಲಿ ಹಗಲಲ್ಲೂ ಅಂಥ ಕತ್ತಲೆ ಇರುವುದು ನಮ್ಮ ಹುಳು ಸಾಕುವ ಮನೆಯಲ್ಲಿ. ಅದರ ಎಡಗೋಡೆಯಲ್ಲಿ ಮೊದಲು ಸರಳಿನ ಕಿಟಕಿಯಿತ್ತು. ತೋಟದಿಂದ ಸೊಪ್ಪು ಹೊತ್ತು ಬಂದ ಅಪ್ಪ ಅಲ್ಲಿಂದಲೇ ಅಮ್ಮನನ್ನು ಕೂಗುತ್ತಿದ್ದರು. ಊಜಿ ನೊಣ ಒಳಗೆ ಬಂದು ಹುಳು ಕೆಡಿಸುತ್ತದೆಂದು ಕೊನೆಗೆ ಅವರೇ ಇಟ್ಟಿಗೆಯಿಟ್ಟು ಮುಚ್ಚಿದರು. ಈಗ ಅಪ್ಪ ಇಲ್ಲ.

ಆ ಸಲದ ರೇಷ್ಮೆಗೂಡು ಮಾರುಕಟ್ಟೆಗೆ ಹೋಗಿ ಹುಳುಮನೆ ಖಾಲಿಯಾಗಿತ್ತು. ಬೆಳಕಿಂಡಿಗಳಿಗೆ ಗೋಣಿಚೀಲ ತುರುಕಿದೆ. ಅಪ್ಪನ ಕರಿಕಂಬಳಿಯೇ ಪರದೆ. ದುಂಡನೆಯ ಬುಟ್ಟಿಯೊಳಗೆ ಬಲ್ಬು ಇಳಿಬಿಟ್ಟು, ಅದರ ಬಾಯಿಗೆ ಬಿಳಿ ಪಂಚೆ ಕಟ್ಟಿ ಅಮ್ಮನ ಬಲಕ್ಕೆ ನಿಲ್ಲಿಸಿದೆ.

“ಹುಳಕ್ಕೂ ನಾನು ಇಷ್ಟು ಉಪಚಾರ ಮಾಡಿರ್ಲಿಲ್ಲ ಕಣಮ್ಮ,” ಅಂದಳು ಅಮ್ಮ.

“ಕಣ್ಣು ಮುಚ್ಚಬ್ಯಾಡ, ಸಾಕು.”

ಮುಚ್ಚುತ್ತಲೇ ಇದ್ದಳು. ಬೇಸತ್ತು ಇನ್ನೊಂದೇ ಒಂದು ಅಂದೆ. ಬಟನ್ ಒತ್ತುವ ಹೊತ್ತಿಗೆ ಅಮ್ಮ ಯಾರೋ ಕೂಗಿದ ಹಾಗೆ ಎಡಗೋಡೆಯ ಕಡೆ ತಿರುಗಿದಳು. ಕಣ್ಣು ಅಗಲವಾಗಿ ತೆರೆದಿತ್ತು.

“ಏನಮ್ಮ?”

“ಏನಿಲ್ಲ. ಸೊಪ್ಪು ಬಂತೇನೋ ಅನ್ನಿಸ್ತು.”

ಫೋಟೋ ನಾನು ಬಯಸಿದಂತೆಯೇ ಬಂದಿತ್ತು. ದೊಡ್ಡದು ಮಾಡಿ ನೋಡಿದೆ. ಕಣ್ಣಿನ ಕಪ್ಪಿನಲ್ಲಿ, ಅಮ್ಮನ ಬಲಕ್ಕೆ, ಬುಟ್ಟಿಯ ದುಂಡು ಚುಕ್ಕೆ, ಅದು ಇರಲೇಬೇಕು. ಎಡಕ್ಕೆ ಇನ್ನೊಂದು, ಚೌಕ. ಅದರೊಳಗೆ ಉದ್ದುದ್ದ ಸರಳು. ಎರಡು ಕಣ್ಣಲ್ಲೂ.

ಎದ್ದು ಹೋಗಿ ಎಡಗೋಡೆ ತಡವಿದೆ. ಗಟ್ಟಿ ಇಟ್ಟಿಗೆ, ತಣ್ಣಗಿತ್ತು. ಅದೇ ಜಾಗದಲ್ಲಿ ಅಮ್ಮನನ್ನು ಮತ್ತೆ ಕೂರಿಸಿದೆ. ಮತ್ತೆ ಕಣ್ಣು ಮುಚ್ಚಿದಳು. ಆಮೇಲೆ ನಾನೇ ಅಲ್ಲಿ ಕೂತು ಎಡಕ್ಕೆ ನೋಡುತ್ತಾ ತೆಗೆದುಕೊಂಡೆ. ನನ್ನ ಕಣ್ಣಲ್ಲಿ ದುಂಡು ಚುಕ್ಕೆ ಮಾತ್ರ.

ಆ ಚೌಕವನ್ನು ಅಳಿಸುವುದು ಕಂಪ್ಯೂಟರಿನಲ್ಲಿ ಕ್ಷಣದ ಕೆಲಸ. ಅದಕ್ಕೆ ಮೊದಲು ಅಮ್ಮನಿಗೆ ತೋರಿಸಿ, ಇದೇನಮ್ಮ ಅಂತ ಕೇಳಿದೆ. ಬಹಳ ಹೊತ್ತು ನೋಡಿದಳು.

“ಡಿಗ್ರಿ ಓದಿರೋಳು ನೀನು. ನನ್ನ ಕೇಳ್ತೀಯಾ?” ಅಂದು ನಕ್ಕಳು. ಆಮೇಲೆ ಮೆಲ್ಲಗೆ, “ಅದು ಇರ್ಲಿ ಬಿಡು,” ಅಂದಳು.

ಇರಲಿ ಎಂದು ಬಿಟ್ಟೆ. ಫೋಟೋ ಈಗ ನನ್ನ ಗೌನಿನ ಫೋಟೋ ಪಕ್ಕದಲ್ಲಿದೆ. ಮನೆಗೆ ಬಂದವರು, ಯಾವ ಸ್ಟುಡಿಯೋದಲ್ಲಿ ತೆಗೆಸಿದಿರಿ ಎಂದು ಕೇಳುತ್ತಾರೆ. ನಾನೇ ತೆಗೆದದ್ದು ಎನ್ನುತ್ತೇನೆ, ಹೆಮ್ಮೆಯಿಂದಲೇ. ಕಿಟಕಿ ಪಕ್ಕ ಕೂರಿಸಿದ್ರಾ ಎಂದು ಕೇಳಿದವರಿಗೆ, ಹೌದು ಎಂದು ಹೇಳಿ ಟೀ ಇಡಲು ಒಳಗೆ ಹೋಗುತ್ತೇನೆ.